ಬಿಳಿ ಸೀರೆ ಉಟ್ಟು ಮದುವೆಯಾ ಅಂತ ಅಜ್ಜಿ ಅಳ್ತಾರೆ

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ಓದುಗರೊಬ್ಬರು ಹೀಗೆ ಬರೆದಿದ್ದರು: "ನನ್ನ ಮಗಳು ಮಂಗಳೂರಿನ ಕ್ಯಾಥೊಲಿಕ್ ಹುಡುಗನನ್ನು ಮೆಚ್ಚಿದ್ದಾಳೆ. ಎರಡೂ ಮನೆಯವರು ಮನಸಾರೆ ಒಪ್ಪಿದ್ದೇವೆ. ಚರ್ಚಿನಲ್ಲಿ ಮದುವೆ. ಅಲ್ಲಿ ಅವಳು ಬಿಳಿ ಸೀರೆ ಉಡುತ್ತಾಳಂತೆ. ನನ್ನ ಅತ್ತೆಗೆ 81 ವರ್ಷ. ಮಾವ ಹೋಗಿ 30 ವರ್ಷವಾಯಿತು. ಅಂದಿನಿಂದ ಅತ್ತೆ ಉಡುವುದು ಬಿಳಿ ಸೀರೆಯೇ. 'ನಾ ಉಟ್ಟಿದ್ದನ್ನ ನನ್ನ ಮೊಮ್ಮಗಳಿಗೆ ಉಡಿಸಬೇಡ್ರಿ' ಎಂದು ಅಳುತ್ತಾರೆ. ಮದುವೆಗೇ ಬರುವುದಿಲ್ಲ ಎನ್ನುತ್ತಾರೆ. ಅವರಿಗೆ ಏನು ಹೇಳಲಿ? ನಾವೆಲ್ಲ ಅಲ್ಲಿಗೆ ಏನು ಉಟ್ಟುಕೊಂಡು ಹೋಗಬೇಕು?"

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಅಕ್ಕಾ, ನಿಮ್ಮ ಪತ್ರ ಓದಿ ನನ್ನಜ್ಜಿ ನೆನಪಾದರು. ಅಜ್ಜ ತೀರಿಕೊಂಡ ಮೇಲೆ ಅವರು ಕಪ್ಪು ಸೀರೆ ಬಿಟ್ಟು ಬೇರೆ ಉಡಲಿಲ್ಲ. ನಾವು ಕ್ಯಾಥೊಲಿಕರು, ನಮ್ಮ ಮನೆಯಲ್ಲಿ ಸಾವಿನ ಬಣ್ಣ ಎಂದರೆ ಕಪ್ಪು. ನಿಮ್ಮತ್ತೆ ಬಿಳಿ ಕಂಡು ಬೆಚ್ಚುವ ಹಾಗೆ, ಮದುವೆ ಮನೆಗೆ ಯಾರಾದರೂ ಕಪ್ಪು ಉಟ್ಟು ಬಂದರೆ ಅಜ್ಜಿ ಮುಖ ತಿರುಗಿಸುತ್ತಿದ್ದರು. ಅದಕ್ಕೇ ನಿಮ್ಮತ್ತೆಯ ಸಂಕಟ ನನಗೆ ಅರ್ಥವಾಗುತ್ತದೆ.

ನಮಗೆ ಬಿಳಿ ತೊಟ್ಟಿಲಿನಿಂದಲೇ ಬಂದ ಬಣ್ಣ. ನೀರು ಹಾಕಿ ಚರ್ಚಿಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನದ ದಿನ ಕೂಸಿಗೆ ಬಿಳಿ ಅಂಗಿ. ಮೊದಲ ಸಲ ಪರಮ ಪ್ರಸಾದ, ಅಂದರೆ ಪೂಜೆಯಲ್ಲಿ ಪಾದ್ರಿಗಳು ಕೊಡುವ ರೊಟ್ಟಿ, ತೆಗೆದುಕೊಳ್ಳುವಾಗ ಹುಡುಗಿಯರಿಗೆ ಬಿಳಿ ಫ್ರಾಕು. ಆಮೇಲೆ ಮದುವೆಗೆ ಬಿಳಿ. ಕ್ರಿಸ್‌ಮಸ್, ಈಸ್ಟರ್ ಪೂಜೆಗೆ ಪಾದ್ರಿಗಳು ತೊಡುವುದೂ ಬಿಳಿಯೇ. ಹಬ್ಬದ ಬಣ್ಣ ಅದು.

ಹಾಗಂತ ಮದುವೆಗೆ ಬಿಳಿಯೇ ಆಗಬೇಕು ಅಂತ ಮೊದಲಿನಿಂದ ಏನೂ ಇರಲಿಲ್ಲ. 1840ರ ಫೆಬ್ರವರಿ 10ರಂದು ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿ ಬಿಳಿ ಸ್ಯಾಟಿನ್ ತೊಟ್ಟು ಮದುವೆಯಾದರು. ಅಲ್ಲಿಂದ ಅದು ಹಬ್ಬಿತು. ಅದಕ್ಕೂ ಮೊದಲು ಅಲ್ಲಿನ ಮಾಮೂಲಿ ಮನೆಯ ಹುಡುಗಿಯರು ತಮ್ಮಲ್ಲಿದ್ದ ಒಳ್ಳೇ ಬಟ್ಟೆ ಹಾಕಿಕೊಂಡು ಮದುವೆಯಾಗುತ್ತಿದ್ದರು, ಯಾವ ಬಣ್ಣವಾದರೂ ಸರಿ. ಮಂಗಳೂರು ಕ್ಯಾಥೊಲಿಕರ ಹಳೇ ಮದುವೆ ಸೀರೆ ಕೆಂಪು. ಅದಕ್ಕೆ ಸಾಡೊ ಅಂತೇವೆ. ಬಿಳಿ ಬಂತು ಅಂತ ಸಾಡೊ ಹೋಗಲಿಲ್ಲ. ನನ್ನ ಮದುವೆಯಲ್ಲಿ ಬೆಳಿಗ್ಗೆ ಇಗರ್ಜಿಗೆ, ಅಂದರೆ ಚರ್ಚಿಗೆ, ಬಿಳಿ ಉಟ್ಟಿದ್ದೆ. ಆಮೇಲೆ ಗಂಡನ ಮನೆಯವರು ಕೊಟ್ಟ ಕೆಂಪು ಸಾಡೊ ಉಟ್ಟೆ, ಕರಿಮಣಿ ಹಾಕಿದರು. ಹೌದು, ಕರಿಮಣಿ ನಮ್ಮಲ್ಲೂ ಇದೆ. ಹುಡುಗನ ತಾಯಿಗೆ ಈಗಲೇ ಫೋನ್ ಮಾಡಿ, "ನೀವು ಸಾಡೊ ಕೊಡ್ತೀರಾ" ಅಂತ ಕೇಳಿ. ಅವರಿಗೆ ಖುಷಿಯೇ ಆಗುತ್ತದೆ. ಸೀರೆ ತಂದ ಕೂಡಲೇ ಫೋಟೋ ತರಿಸಿ ನಿಮ್ಮತ್ತೆಗೆ ತೋರಿಸಿ.

ಇನ್ನೂ ಒಂದು ಮಾತು. ಅತ್ತೆಯವರನ್ನು ಮದುವೆಗೆ ಮಾತ್ರ ಕರೆತರಬೇಡಿ, ಹಿಂದಿನ ದಿನದ ರೋಸ್‌ಗೇ ಕರೆತನ್ನಿ. ರೋಸ್ ಎಂದರೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ನಿಮ್ಮ ಅರಿಶಿನದ ಶಾಸ್ತ್ರ ಇದ್ದ ಹಾಗೆಯೇ. ಹೆಂಗಸರು ವೊವಿಯೊ ಎಂಬ ಮದುವೆ ಹಾಡು ಹಾಡುತ್ತಾರೆ. ಮನೆಯವರು ಒಬ್ಬೊಬ್ಬರಾಗಿ ಬಂದು ಹಾಲನ್ನು ಕೈಗೆ ತೆಗೆದುಕೊಂಡು ಹಚ್ಚುತ್ತಾರೆ. ನನಗೆ ಮೊದಲು ಹಚ್ಚಿದ್ದು ಕಪ್ಪು ಸೀರೆಯ ಆ ಅಜ್ಜಿಯೇ. ಹಾಲು ಅವರ ಮೊಣಕೈವರೆಗೂ ಇಳಿದು ಸೀರೆ ಮೇಲೆ ಬಿಳಿ ಗೆರೆ ಮೂಡಿತ್ತು. ಒರೆಸಿಕೊಳ್ಳಲೂ ಇಲ್ಲ, ಇನ್ನೊಂದು ಬೊಗಸೆ ತೆಗೆದುಕೊಂಡು ನನ್ನ ನೆತ್ತಿಗೆ ಹಾಕಿದರು. ನಿಮ್ಮತ್ತೆ ಕೈಯಿಂದಲೂ ಹಚ್ಚಿಸಿ. ಬೇಡ ಅನ್ನುವವರು ಯಾರೂ ಇರುವುದಿಲ್ಲ.

ಇನ್ನು ನಿಮ್ಮ ಉಡುಪಿನ ವಿಷಯ. ನೆಂಟರು ಪೂರ್ತಿ ಬಿಳಿ ಉಡುವುದಿಲ್ಲ, ಅದನ್ನು ಮದುಮಗಳಿಗೆ ಬಿಟ್ಟುಬಿಡುತ್ತೇವೆ. ಕಪ್ಪೂ ಬೇಡ. ನೀವು ನಿಮ್ಮ ಕಡೆಯ ಇಳಕಲ್ ಸೀರೆಯನ್ನೇ ಉಟ್ಟು ಬನ್ನಿ, ಆ ಕೆಂಪು ಸೆರಗು ಇಗರ್ಜಿಯಲ್ಲಿ ಎಷ್ಟು ಚೆಂದ ಕಾಣುತ್ತದೆ ಗೊತ್ತಾ! ಗಂಡಸರ ಬಿಳಿ ಪಂಚೆ, ಬಿಳಿ ಅಂಗಿಗೆ ಯಾವ ಅಡ್ಡಿಯೂ ಇಲ್ಲ. ಎಲ್ಲರೂ ಎದ್ದಾಗ ಎದ್ದು ನಿಲ್ಲಿ. ಮೊಣಕಾಲೂರುವಾಗ ನೀವು ಸುಮ್ನೆ ಕೂತಿರಬಹುದು. ಪೂರ್ತಿ ಪೂಜೆ ಇದ್ದರೆ ಪರಮ ಪ್ರಸಾದದ ಸಾಲಿಗೆ ಮಾತ್ರ ಹೋಗಬೇಡಿ, ಅದು ಕ್ಯಾಥೊಲಿಕರಿಗಷ್ಟೇ. ಅತ್ತೆಯವರು ತಮ್ಮ ಬಿಳಿ ಸೀರೆಯಲ್ಲೇ ಬಂದು ಮೊದಲ ಬೆಂಚಿನಲ್ಲಿ ಕೂರಲಿ. ನೆಂಟರಿಗೆ ಹೇಳಿದ ಮಾತು 81 ವರ್ಷದ ಅಜ್ಜಿಗೆ ಅಲ್ಲ.

— ಒಬ್ಬ ಓದುಗರು, ಮಂಗಳೂರು

*

ನಾನು ಕೊಡಗಿನವನು. ನಮ್ಮಲ್ಲಿ ಹಬ್ಬಕ್ಕೆ, ಸಮಾರಂಭಕ್ಕೆ ಗಂಡಸರು ತೊಡುವುದು ಕಪ್ಪು ಕುಪ್ಯ, ಅಂದರೆ ಉದ್ದನೆಯ ನಿಲುವಂಗಿ. ಮದುಮಗನಿಗೆ ಮಾತ್ರ ಬಿಳಿ ಕುಪ್ಯ. ಮದುಮಗಳದು ಕೆಂಪು ಸೀರೆ. ಗಂಡಸು ತೀರಿಕೊಂಡಾಗ ಕೊನೆಯ ಸಲ ತೊಡಿಸುವುದೂ ಬಿಳಿ ಕುಪ್ಯವೇ. ಇದು ಮನೆಯ ಮಕ್ಕಳಿಗೂ ಗೊತ್ತು. ಆದರೂ ಮದುವೆ ದಿನ ಆ ಬಿಳಿ ನೋಡಿ ಯಾರೂ ಅಪಶಕುನ ಅಂದಿದ್ದನ್ನು ನಾನು ಕೇಳಿಲ್ಲ.

ನನ್ನ ಮದುವೆ ಬೆಳಿಗ್ಗೆ ಅಪ್ಪ ನನಗೆ ಕೆಂಪು ರೇಷ್ಮೆಯ ನಡುಪಟ್ಟಿ, ನಮ್ಮ ಚೇಲೆ, ಸುತ್ತಿದರು. ಸೊಂಟಕ್ಕೆ ಬಿಗಿಯಾಗಿ ಎಳೆದು, ಪೀಚೆಕತ್ತಿ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಏನೂ ಮಾತಾಡಲಿಲ್ಲ. ಏಳು ವರ್ಷದ ಮೇಲೆ ಅವರಿಗೆ ಬಿಳಿ ಕುಪ್ಯ ತೊಡಿಸಿದವನು ನಾನು. ಆ ದಿನ ನನಗೆ ನೆನಪಾಗಿದ್ದು ಮದುವೆಯ ಬೆಳಿಗ್ಗೆಯೇ.

ನಿಮ್ಮ ಅತ್ತೆಯವರಿಗೆ ಬಿಳಿ ಎಂದರೆ ಒಂದೇ ದಿನ ನೆನಪಿಗೆ ಬರುತ್ತದೆ. ಮೊಮ್ಮಗಳ ಮದುವೆ ನೋಡಿದರೆ ಅವರಿಗೆ ಇನ್ನೊಂದು ದಿನವೂ ಸಿಗುತ್ತದೆ ಅಲ್ವಾ? ಹೇಗಾದರೂ ಮಾಡಿ ಕರೆದುಕೊಂಡು ಹೋಗಿ, ಅಮ್ಮ.

— ಒಬ್ಬ ಓದುಗ, ವಿರಾಜಪೇಟೆ

*

ಮೇಡಂ, ನಾನು ಬಳ್ಳಾರಿಯಲ್ಲಿ ಸೀರೆ ಅಂಗಡಿಯಲ್ಲಿ 22 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮದುವೆಗೆ ಬಿಳಿ ಬೇಡ ಅನ್ನುವವರು ಎಷ್ಟು ಜನ ಬರುತ್ತಾರೋ, ಬಿಳಿಯೇ ಬೇಕು ಅನ್ನುವವರೂ ಬರುತ್ತಾರೆ. ತೆಲುಗು ಮನೆಯವರು ಮಧುಪರ್ಕದ ಬಟ್ಟೆ ಕೇಳುತ್ತಾರೆ. ಬಿಳಿ ಬಟ್ಟೆ, ಕೆಂಪು ಇಲ್ಲವೇ ಹಳದಿ ಅಂಚು. ಹುಡುಗ ಹುಡುಗಿ ಇಬ್ಬರೂ ಅದನ್ನುಟ್ಟೇ ಹಸೆಗೆ ಕೂರುತ್ತಾರೆ. ಗುಜರಾತಿಗಳಲ್ಲಿ ಸೋದರಮಾವ ಕೊಡುವ ಪಾನೇತರ್ ಸೀರೆಯ ಒಡಲು ಬಿಳಿ, ಅಂಚು ಕೆಂಪು. ಮೈಸೂರು ಸೀಮೆಯಲ್ಲೂ ಎಷ್ಟೋ ಮನೆಗಳಲ್ಲಿ ಧಾರೆ ಸೀರೆ ಬಿಳಿ ರೇಷ್ಮೆಯದೇ.

ಅತ್ತೆಯವರಿಗೆ ಬಾಯಲ್ಲಿ ಹೇಳಿದರೆ ಸಾಲದು. ಅಂಗಡಿಗೆ ಕರೆದುಕೊಂಡು ಹೋಗಿ. ಅವರು ಮನೆಯಲ್ಲಿ ಉಡುವುದು ಅಂಚಿಲ್ಲದ ನೂಲಿನ ಸೀರೆ ಇರಬೇಕು. ಮದುವೆಯ ಬಿಳಿ ರೇಷ್ಮೆಯನ್ನು ಅವರ ಮಡಿಲಲ್ಲಿ ಹರವಿ, ಜರಿ ಅಂಚನ್ನು ಕೈಯಲ್ಲಿ ಮುಟ್ಟಿ ನೋಡಲಿ. ಹಾಲು ಬಿಳಿ ಬೇಡ ಅಂದರೆ ಕೆನೆ ಬಣ್ಣ ತೆಗೆಸಿ. ಅಂಚು ಕೆಂಪಿರಲಿ. ನಮ್ಮ ಅಂಗಡಿಯಲ್ಲೇ ಹೀಗೆ ಮೂಗು ಮುರಿದುಕೊಂಡು ಬಂದ ಅಜ್ಜಿಯೊಬ್ಬರು ಕೊನೆಗೆ ತಾವೇ ಆರಿಸಿ, "ಇದ್ನ ಪ್ಯಾಕ್ ಮಾಡು" ಅಂದಿದ್ದಾರೆ.

— ಒಬ್ಬ ಓದುಗ, ಬಳ್ಳಾರಿ

*

ನಮ್ಮ ಮನೆತನದಲ್ಲಿ ಗಂಡ ಸತ್ತ ಹೆಂಗಸರಿಗೆ ಬಿಳಿ ಕೊಡುತ್ತಿರಲಿಲ್ಲ. ತಲೆ ಬೋಳಿಸಿ ಕೆಂಪು ಮಡಿ ಸೀರೆ ಉಡಿಸುತ್ತಿದ್ದರು. ನಮ್ಮ ಮುತ್ತಜ್ಜಿ ಹಾಗೇ ಬದುಕಿ ಹೋದರು. ಅದೇ ಮನೆಯಲ್ಲಿ ಮದುವೆ ಹೆಣ್ಣಿಗೂ ಕೆಂಪು ಸೀರೆಯನ್ನೇ ತರುತ್ತಿದ್ದರು. ಕೆಂಪು ಅಪಶಕುನ ಅಂತ ಯಾರೂ ಹೇಳಲಿಲ್ಲ. ಹಸೆಮಣೆ ಹತ್ತಿರ ಬರಬೇಡ ಅಂತ ಮುತ್ತಜ್ಜಿಗೆ ಮಾತ್ರ ಹೇಳಿದರು.

ಹಾಗಾಗಿ ನನಗೆ ಅನಿಸುವುದು, ನಿಮ್ಮತ್ತೆ ಅಳುತ್ತಿರುವುದು ಮೊಮ್ಮಗಳ ಸೀರೆಗಲ್ಲ. 51ನೇ ವಯಸ್ಸಿಗೆ ಅವರ ಬಣ್ಣದ ಸೀರೆಗಳನ್ನೆಲ್ಲ ಯಾರೋ ತೆಗೆದಿಟ್ಟರಲ್ಲ, ಅದಕ್ಕೆ. ಅವರ ಜೊತೆ ಒಬ್ಬರೇ ಕೂತು, "ಅತ್ತೆ, ನಿಮಗೆ ಯಾವ ಬಣ್ಣ ಇಷ್ಟ ಇತ್ತು" ಅಂತ ಕೇಳಿದ್ದೀರಾ? ಕೇಳಿ. ಅವರು ಬಿಳಿಯಲ್ಲೇ ಇರುತ್ತೇನೆ ಅಂದರೆ ಇರಲಿ, ಒತ್ತಾಯ ಬೇಡ. ಹಸಿರು ಅಂದರೆ ಮಾತ್ರ ಅದೇ ದಿನ ಹೋಗಿ ಹಸಿರು ತನ್ನಿ.

ನನ್ನ ಅಮ್ಮನೂ ವಿಧವೆ. ನನ್ನ ಮದುವೆಯಲ್ಲಿ ಹೊಸ ಸೀರೆಗೆ ಅರಿಶಿನ ಹಚ್ಚಲು ಮುತ್ತೈದೆಯರನ್ನು ಕರೆದರು. ಅಮ್ಮ ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದರು. ನಾನು ಸೀರೆ ಎತ್ತಿಕೊಂಡು ಅಲ್ಲಿಗೇ ಹೋದೆ. ಅಮ್ಮನ ಕೈ ನಡುಗುತ್ತಿತ್ತು. ಬೆರಳಲ್ಲಿ ಅರಿಶಿನ ತೆಗೆದುಕೊಂಡು ಎಷ್ಟೋ ಹೊತ್ತು ಸುಮ್ಮನೆ ನಿಂತು, ಆಮೇಲೆ ಹಚ್ಚಿದರು. ಯಾರೂ ಒಂದು ಮಾತೂ ಆಡಲಿಲ್ಲ. ಮದುವೆಯಾಗಿ 19 ವರ್ಷ ಆಯಿತು, ಚೆನ್ನಾಗಿದ್ದೇವೆ.

ನಿಮ್ಮ ಮಗಳ ಬಿಳಿ ಸೀರೆಗೆ ಅರಿಶಿನವನ್ನು ಅಜ್ಜಿಯ ಕೈಯಿಂದಲೇ ಹಚ್ಚಿಸಿ. ಒಳಗೆ ಸಿಕ್ಕಿಸಿಕೊಳ್ಳುವ ಮೂಲೆಗೆ ಹಚ್ಚಲಿ, ಬಿಳಿ ರೇಷ್ಮೆಯಿಂದ ಅರಿಶಿನದ ಕಲೆ ಹೋಗುವುದಿಲ್ಲ.

— ಒಬ್ಬ ಓದುಗರು, ಶಿವಮೊಗ್ಗ