ಮುಂದಿನ ಚಕ್ರದ ಪ್ರೆಸ್ ಬೇರಿಂಗ್: ಮನೆಯಲ್ಲೇ ಬದಲಿಸ್ಲಿಕ್ಕೆ ಆಗ್ತದಾ?

ಮಂಜೇಶ್ವರದವ:
ಹತ್ತು ವರ್ಷದ ಹಳೇ ಹ್ಯಾಚ್‌ಬ್ಯಾಕ್. ಸ್ಪೀಡ್ 50 ದಾಟಿದ್ರೆ ಮುಂದಿನಿಂದ ಗೂಂ ಅಂತ ಸದ್ದು. ಎಡಕ್ಕೆ ತಿರುಗಿಸುವಾಗ ಜಾಸ್ತಿ, ಬಲಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು. ಬೇರಿಂಗ್ ಸ್ಟೀರಿಂಗ್ ನಕಲ್ (ಚಕ್ರವನ್ನು ಹಿಡಿದಿರುವ ಲೋಹದ ಭಾಗ) ಒಳಗೆ ಪ್ರೆಸ್ ಮಾಡಿದ್ದು, ಬೋಲ್ಟ್‌ನದ್ದಲ್ಲ. ಎಬಿಎಸ್ (ಬ್ರೇಕ್ ಹಾಕುವಾಗ ಚಕ್ರ ಲಾಕ್ ಆಗದ ಹಾಗೆ ನೋಡುವ ವ್ಯವಸ್ಥೆ) ಉಂಟು. ಒತ್ತಿ ಕೂರಿಸುವ ಪ್ರೆಸ್ ಮೆಶಿನ್ ನನ್ನಲ್ಲಿಲ್ಲ. ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ರೆ ಸಾಕಾ?

ಕುಂಬಳೆ_ಪಾನ:
ಎಡಕ್ಕೆ ತಿರುಗುವಾಗ ಭಾರ ಬಲಬದಿಗೆ ಬೀಳ್ತದೆ, ಹಾಗಾಗಿ ಸಂಶಯ ಬಲದ್ದರ ಮೇಲೆ. ಜಾಕ್ ಹಾಕಿ, ಸಸ್ಪೆನ್ಶನ್ ಸ್ಪ್ರಿಂಗಿನ ಮೇಲೆ ಕೈಯಿಟ್ಟು ಚಕ್ರ ತಿರುಗಿಸಿ. ಹಾಳಾದ ಬದಿಯಲ್ಲಿ ಕೈಗೆ ಜರಜರ ಸಿಗ್ತದೆ.

ಸುತ್ತಿಗೆ ಬೇಡ ಮಾರಾಯ್ರೆ. ಪೆಟ್ಟು ಬಾಲ್‌ಗಳ ಮೂಲಕ ದಾಟಿದ್ರೆ ರೇಸ್‌ನಲ್ಲಿ (ಬಾಲ್‌ಗಳು ಓಡುವ ಬಳೆಯಲ್ಲಿ) ಸೂಜಿಮೊನೆಯಷ್ಟು ಗುಳಿ ಬೀಳ್ತದೆ, ಹೊಸ ಬೇರಿಂಗೂ ಸ್ವಲ್ಪ ದಿನಕ್ಕೆ ಅದೇ ಸದ್ದು. ಬಿಚ್ಚುದು ಜೋಡಿಸುದು ಮನೆಯಲ್ಲಿ ಮಾಡಿ, ನಕಲ್ ಮಾತ್ರ ಲೇತ್‌ನವರ ಪ್ರೆಸ್‌ಗೆ ಕೊಂಡುಹೋಗಿ.

ಆಕ್ಸಲ್ ನಟ್ಟಿನ ಬಗ್ಗಿಸಿದ ಅಂಚನ್ನು ಮೊದಲು ಚಾಣದಲ್ಲಿ ಎಬ್ಬಿಸಿ. ಚಕ್ರ ನೆಲದಲ್ಲಿರುವಾಗಲೇ, ಒಬ್ಬರು ಬ್ರೇಕ್ ತುಳಿದು ಹಿಡಿದಿರುವಾಗ ನಟ್ ಸಡಿಲ ಮಾಡಿ. ಕ್ಯಾಲಿಪರನ್ನು (ಬ್ರೇಕ್ ಪ್ಯಾಡ್ ಒತ್ತುವ ಭಾಗ) ತಂತಿಯಲ್ಲಿ ಕಟ್ಟಿ, ಬ್ರೇಕ್ ಹೋಸಿನಲ್ಲಿ ನೇತಾಡಿಸಬೇಡಿ. ಸ್ಟ್ರಟ್ (ಸ್ಪ್ರಿಂಗ್ ಕೂತ ಕಂಬ) ಬೋಲ್ಟಿಗೆ ಪೇಂಟ್ ಗುರುತು ಹಾಕಿ, ಇಲ್ಲದಿದ್ರೆ ಕ್ಯಾಂಬರ್ (ಚಕ್ರದ ಓರೆ) ಹೋಗ್ತದೆ. ಆಕ್ಸಲ್ ಶಾಫ್ಟ್ ಒಳಗೆ ದೂಡುವಾಗ ನಟ್ಟನ್ನು ತುದಿಗೆ ಸಮ ಇಟ್ಟು ಮರದ ತುಂಡಿನಲ್ಲಿ ತಟ್ಟಿ, ಥ್ರೆಡ್ ಉಳಿತದೆ.

ಎಬಿಎಸ್ ಸೆನ್ಸರ್? ನಮ್ಮ ಉಪ್ಪುಗಾಳಿಗೆ ಅದು ತುಕ್ಕಿನಲ್ಲಿ ಹುದುಗಿರ್ತದೆ. ಇಕ್ಕಳ ಹಾಕಿ ಎಳೆದ್ರೆ ತಲೆ ಮುರಿದು ಒಳಗೇ ಉಳಿತದೆ. ಡಬ್ಲ್ಯುಡಿ 40 ಬಿಟ್ಟು ರಾತ್ರಿ ಇಟ್ಟು, ಮರುದಿನ ಎಡಬಲಕ್ಕೆ ತಿರುಗಿಸಿ ತೆಗೀರಿ.

ಬದಿಯಡ್ಕ_ಸ್ಪ್ಯಾನರ್:
ಲೇತ್‌ನವರ ಎದುರು ನಿಂತು ನೋಡಿ, ಬಿಟ್ಟು ಬರಬೇಡಿ. ಹಬ್ (ಚಕ್ರ ಬೋಲ್ಟ್ ಆಗುವ ಭಾಗ) ಹೊರಗೆ ಬಂದ ಮೇಲೆ ಸರ್‌ಕ್ಲಿಪ್ (ಬೇರಿಂಗ್ ಜಾರದ ಹಾಗೆ ಹಿಡಿಯುವ ಬಳೆ) ತೆಗೆಯದೆ ಬೇರಿಂಗ್ ಒತ್ತಿದ್ರೆ ನಕಲ್‌ನ ಅಂಚೇ ಹಾರ್ತದೆ. ಎರಡು ಒಳ ರೇಸ್‌ನಲ್ಲಿ ಒಂದು ಹಬ್‌ಗೆ ಕಚ್ಚಿಕೊಂಡೇ ಬರುದು. ಗ್ರೈಂಡರ್‌ನಲ್ಲಿ ಮುಕ್ಕಾಲು ಆಳ ಕೊಯ್ದು ಚಾಣ ಕೊಟ್ಟರೆ ಟಪ್ ಅಂತ ಒಡೀತದೆ. ಪೂರ್ತಿ ಕೊಯ್ದರೆ ಹಬ್‌ಗೆ ಗೆರೆ ಬೀಳ್ತದೆ.

ಕೂರಿಸುವಾಗ ಒಂದೇ ಲೆಕ್ಕ: ಬೇರಿಂಗ್ ನಕಲ್‌ಗೆ ಹೋಗುವಾಗ ಹೊರ ರೇಸನ್ನು ಮಾತ್ರ ಒತ್ತಬೇಕು. ಹಬ್ ಬೇರಿಂಗ್‌ಗೆ ಹೋಗುವಾಗ ಒಳ ರೇಸ್‌ಗೆ ಕೆಳಗಿಂದ ಆಸರೆ ಬೇಕು. ಹೆಚ್ಚಿನವರು ಎರಡನೆಯದನ್ನು ಮರೆತು ನಕಲನ್ನೇ ಆಸರೆಗೆ ಇಡುದು, ಬೇರಿಂಗ್ ಅಲ್ಲೇ ಹಾಳು.

ಎಬಿಎಸ್ ಉಂಟಲ್ಲ, ಬೇರಿಂಗಿನ ಒಂದು ಸೀಲ್‌ನಲ್ಲಿ ಮ್ಯಾಗ್ನೆಟ್ ಇರ್ಬಹುದು. ಪೇಪರ್ ಕ್ಲಿಪ್ ಹಿಡಿದು ನೋಡಿ, ಅಂಟುವ ಬದಿ ಸೆನ್ಸರ್ ಕಡೆಗೆ. ತಿರುಗಾಮುರುಗಾ ಆದ್ರೆ ಲೈಟ್ ಉರಿತದೆ, ಪುನಃ ಬಿಚ್ಚಿದ್ರೆ ಆ ಬೇರಿಂಗ್ ಮತ್ತೆ ಉಪಯೋಗಕ್ಕಿಲ್ಲ.

ಮಂಜೇಶ್ವರದವ:
ಅಣ್ಣಾ, ಹೊಸ ಬೇರಿಂಗ್ ಫ್ರೀಜರಲ್ಲಿಟ್ಟರೆ ಒಳ್ಳೇದಾ? ಹಳೇ ನಟ್ಟೇ ನಡೀತದಾ?

ಬದಿಯಡ್ಕ_ಸ್ಪ್ಯಾನರ್:
ಪ್ಲಾಸ್ಟಿಕ್ ಸುತ್ತಿ ಒಂದು ರಾತ್ರಿ ಇಡಿ, ಒತ್ತಡ ಸ್ವಲ್ಪ ಕಡಿಮೆ ಸಾಕು. ಬೇರಿಂಗ್‌ಗೆ ಮಾತ್ರ ಬೆಂಕಿ ತಾಗಿಸಬೇಡಿ, ಸೀಲೂ ಗ್ರೀಸೂ ಹೋಗ್ತದೆ. ನಟ್ ಹೊಸತೇ ಹಾಕಿ. ಮ್ಯಾನುಯಲ್‌ನಲ್ಲಿ ಬರೆದ ಟಾರ್ಕ್‌ಗೆ (ಬಿಗಿಯುವ ಬಲಕ್ಕೆ) ಬಿಗಿದು ಅಂಚು ಬಗ್ಗಿಸಿ. ಅಲ್ಲಿಯವರೆಗೆ ಕಾರಿನ ಭಾರ ಚಕ್ರಕ್ಕೆ ಬೀಳಬಾರದು, ಎರಡು ಒಳ ರೇಸನ್ನು ಒಟ್ಟಿಗೆ ಹಿಡಿಯುದು ಆ ನಟ್ಟೇ.