ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿ ಎಸೆಯಬಹುದೇ?

ಪ್ರಶ್ನೆ: ನಮ್ಮ ಹಿರಿಯರು ಮೂವತ್ತು ವರ್ಷ ನಡೆಸಿದ ತೆರಿಗೆ ಸಲಹೆಯ ಕಚೇರಿ ಈಗ ನನ್ನ ಪಾಲಿಗೆ ಬಂದಿದೆ, ಜೊತೆಗೆ ನಾಲ್ಕು ಬೀರುಗಳ ತುಂಬ ಕಡತಗಳೂ ಬಂದಿವೆ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಬೀರು ಖಾಲಿ ಮಾಡಲೇ? ಅನುಭವವಿದ್ದವರು ತಿಳಿಸಿ.

ಉತ್ತರ: ಎಲ್ಲವನ್ನೂ ಸ್ಕ್ಯಾನ್ ಮಾಡಲು ಕುಳಿತರೆ ಮುಂದಿನ ಜುಲೈ ಬಂದರೂ ಮುಗಿಯದು. ಕಾಗದವನ್ನು ಕೈಗೆತ್ತಿಕೊಂಡಾಗ ಒಂದೇ ಮಾತು ಯೋಚಿಸಿ: ಇದು ಕಳೆದರೆ ಮತ್ತೆ ಎಲ್ಲಿ ಸಿಗುತ್ತದೆ? ಇ-ಫೈಲಿಂಗ್ ಬಂದ ಮೇಲಿನ ರಿಟರ್ನ್, ಅದರ ಸ್ವೀಕೃತಿ, 26ಎಎಸ್ (ಕಡಿತವಾದ ತೆರಿಗೆಯ ಪಟ್ಟಿ), ಎಐಎಸ್ (ವರ್ಷದ ಹಣಕಾಸು ವ್ಯವಹಾರಗಳ ಪಟ್ಟಿ) ಎಲ್ಲವೂ ಇಲಾಖೆಯ ಪೋರ್ಟಲ್‌ನಲ್ಲಿವೆ. ಅವುಗಳ ಪ್ರಿಂಟ್‌ಗಳಿಗೆ ಬೀರು ಬೇಕಿಲ್ಲ.

ಆದರೆ ಆಸ್ತಿಯ ಕಾಗದ ಬೇರೆ. ನನ್ನ ಕಕ್ಷಿದಾರರೊಬ್ಬರು 2006ರಲ್ಲಿ ಮನೆಗೆ ಮಹಡಿ ಕಟ್ಟಿಸಿದ್ದರು. ಲೆಕ್ಕಪತ್ರಗಳಿಗೆ ಆರು ವರ್ಷವೆಂಬ ನಿಯಮವನ್ನು ನೆಚ್ಚಿ ಸಿಮೆಂಟು, ಕಬ್ಬಿಣದ ಬಿಲ್ಲುಗಳನ್ನು ನಾನೇ ರದ್ದಿಗೆ ಹಾಕಿದ್ದೆ. ಮುಂದೆ ಅವರು ಮನೆ ಮಾರಿದಾಗ ಬಂಡವಾಳ ಲಾಭದಲ್ಲಿ ಆ ಖರ್ಚನ್ನು ಕಳೆಯಬೇಕಿತ್ತು. ಪುರಾವೆ ಎಲ್ಲಿ? ಹಳೆಯ ಬ್ಯಾಂಕ್ ಪಾಸ್‌ಬುಕ್ ಹಿಡಿದು ತಿಂಗಳುಗಟ್ಟಲೆ ಹೆಣಗಿದೆವು, ಅರ್ಧದಷ್ಟನ್ನೂ ತೋರಿಸಲಾಗಲಿಲ್ಲ. ಆಸ್ತಿ ಮಾರುವವರೆಗೆ ಮಾತ್ರವಲ್ಲ, ಮಾರಿದ ಮೇಲೂ ಕೆಲವು ವರ್ಷ ಆ ಕಾಗದ ಇರಲಿ.

ಉತ್ತರ: ಕಾಗದವನ್ನೂ ಅಷ್ಟು ನಂಬಬೇಡಿ. ವಿಮೆಯಿಲ್ಲದ ಹಿರಿಯರೊಬ್ಬರ ಚಿಕಿತ್ಸೆಯ ಖರ್ಚನ್ನು ಆದಾಯದಿಂದ ಕಳೆಯಲು ಆದಾಯ ತೆರಿಗೆಯ 80ಡಿ ಸೆಕ್ಷನ್ ಅಡಿ ತೋರಿಸಿದ್ದೆವು. ರಿಟರ್ನ್ ಜೊತೆ ಯಾವ ದಾಖಲೆಯನ್ನೂ ಲಗತ್ತಿಸುವುದಿಲ್ಲವಲ್ಲ, ಹಾಗಾಗಿ ಬಿಲ್ಲುಗಳು ಕಡತದಲ್ಲೇ ಇದ್ದವು. ನೋಟಿಸ್ ಬಂದಾಗ ತೆಗೆದು ನೋಡಿದರೆ ಔಷಧಿ ಅಂಗಡಿಯ ಬಿಲ್ಲುಗಳೆಲ್ಲ ಬಿಳಿ ಚೀಟಿಗಳಾಗಿದ್ದವು! ಶಾಖಕ್ಕೆ ಮೂಡುವ ಆ ಅಕ್ಷರ ಶಾಖಕ್ಕೇ ಅಳಿಯುತ್ತದೆ. ಈಗ ಬಂದ ದಿನವೇ ಸ್ಕ್ಯಾನ್ ಮಾಡುತ್ತೇನೆ. ಜಿಎಸ್‌ಟಿ ಇರುವವರ ಲೆಕ್ಕಪತ್ರಗಳನ್ನಂತೂ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು.

ಉತ್ತರ: ನಾನು ಕಚೇರಿಯ ಸಹಾಯಕಿ. ಸ್ಕ್ಯಾನ್ ಮಾಡುವುದು ಸುಲಭ, ಹೆಸರಿಡುವುದೇ ಕಷ್ಟ. ನಮ್ಮಲ್ಲಿ ‘2022-23’ ಎಂಬ ಫೋಲ್ಡರ್‌ಗೆ ಒಬ್ಬರು ಹಣಕಾಸು ವರ್ಷವೆಂದು, ಇನ್ನೊಬ್ಬರು ಅದರ ಮರುವರ್ಷವಾದ ಕರನಿರ್ಧಾರಣೆ ವರ್ಷವೆಂದು ತುಂಬಿ ಎರಡು ವರ್ಷದ ಬಡ್ಡಿ ಪತ್ರಗಳು ಕಲಸಿಹೋದವು. ಈಗ ಮೊದಲು ಪ್ಯಾನ್, ಆಮೇಲೆ ಹಣಕಾಸು ವರ್ಷ, ಬೇರೇನೂ ಇಲ್ಲ. ಸಂಬಳ ಮತ್ತು ಕಡಿತವಾದ ತೆರಿಗೆಗೆ ಉದ್ಯೋಗದಾತರು ಕೊಡುವ ಡಿಜಿಟಲ್ ಸಹಿಯ ಫಾರಂ 16 ಅನ್ನು ಪ್ರಿಂಟ್ ತೆಗೆದು ಅದರ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವವರಿದ್ದಾರೆ. ಸಹಿಯನ್ನು ಪರಿಶೀಲಿಸಲು ಮೂಲ ಪಿಡಿಎಫ್ ಕಡತವೇ ಬೇಕು, ಅದನ್ನೇ ಕೇಳಿ ಪಡೆಯಿರಿ. ಕಕ್ಷಿದಾರರ ಮೂಲ ಪತ್ರಗಳನ್ನಂತೂ ಇಟ್ಟುಕೊಳ್ಳಲೇಬೇಡಿ. ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಹಿಂತಿರುಗಿಸಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಕೊನೆಯ ಸಲಹೆ ಓದಿ ಎರಡನೆಯ ಬೀರು ತೆರೆದೆ. ಒಬ್ಬರ ನಿವೇಶನದ ಮೂಲ ಕ್ರಯಪತ್ರವೇ ಸಿಕ್ಕಿತು. ಫೋನ್ ಮಾಡಿದರೆ, ‘ಅದು ಬ್ಯಾಂಕಿನ ಲಾಕರಿನಲ್ಲಿದೆಯಲ್ಲ ಸಾರ್’ ಎಂದರು.