ನಾಲ್ಕು ವರ್ಷದ ಮಗುವಿಗೆ ಫೋನ್: ಲಾಕ್ ಹಾಕಿದರೆ ಸಾಕಾ, ಪಕ್ಕದಲ್ಲೇ ಕೂರಬೇಕಾ?

ಪುಟ್ಟಿಯ ಅಮ್ಮ:
ಮಗಳಿಗೆ ನಾಲ್ಕು ವರ್ಷ. ನಾನು ಕೆಲಸದಲ್ಲಿರುವಾಗ ಸ್ವಲ್ಪ ಹೊತ್ತು ಯೂಟ್ಯೂಬ್ ಕಿಡ್ಸ್ ನೋಡ್ತಾಳೆ. ಮಕ್ಕಳಿಗೆಂದೇ ಮಾಡಿದ ಆ್ಯಪ್, ಲಾಕ್ ಹಾಕಿಕೊಟ್ಟರೆ ಚಿಂತೆಯಿಲ್ಲ ಅಂತಾರೆ ನಮ್ಮ ಯಜಮಾನ್ರು. ನನ್ನ ಮನಸ್ಸು ಒಪ್ತಿಲ್ಲ. ಮೊದಲು ಯಾವ ಸೆಟ್ಟಿಂಗ್ ನೋಡ್ಬೇಕು? ಅದೆಲ್ಲ ಮಾಡಿದ ಮೇಲೂ ಪಕ್ಕದಲ್ಲೇ ಇರ್ಬೇಕಾ?

ಕೋಡ್ ಅಣ್ಣ:
ಮೇಡಂ, ನಿಮ್ಮ ಯಜಮಾನ್ರು ಹೇಳಿದ್ದರಲ್ಲಿ ಅರ್ಧ ಸರಿ. ಆ್ಯಪ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲ್ಲ. ನಿಮ್ಮ ಗೂಗಲ್ ಖಾತೆಯಿಂದ ಲಾಗಿನ್ ಆಗಿ ಮಗುವಿಗೆ ಪ್ರತ್ಯೇಕ ಪ್ರೊಫೈಲ್ ಮಾಡಿ. ಅದರಲ್ಲಿ ವಯಸ್ಸಿನ ಗುಂಪುಗಳ ಜೊತೆಗೆ, ನೀವೇ ಆರಿಸಿದ ವಿಡಿಯೊ ಮತ್ತು ಚಾನೆಲ್‌ಗಳು ಮಾತ್ರ ಕಾಣುವ ಆಯ್ಕೆಯೂ ಇದೆ. ಅದನ್ನೇ ಹಾಕಿ. ಆಗ ಮಗು ಏನನ್ನೂ ಹುಡುಕೋಕೆ ಆಗಲ್ಲ. ಒಂದು ಮುಗಿದ ತಕ್ಷಣ ಇನ್ನೊಂದು ತಾನಾಗೇ ಶುರುವಾಗುವ ಆಟೋಪ್ಲೇ ಆಫ್ ಮಾಡಿ, ಟೈಮರ್ ಇಡಿ. ಸೆಟ್ಟಿಂಗ್ ತೆರೆಯೋಕೆ ಆ್ಯಪ್ ಒಂದು ಗುಣಾಕಾರದ ಲೆಕ್ಕ ಕೇಳುತ್ತೆ. ನಾಲ್ಕು ವರ್ಷಕ್ಕೆ ಅಷ್ಟು ಸಾಕು, ಮನೇಲಿ ಮಗ್ಗಿ ಕಲಿತ ಅಣ್ಣನೋ ಅಕ್ಕನೋ ಇದ್ದರೆ ಸಾಲದು. ಅದರ ಬದಲು ನಿಮ್ಮದೇ ಪಾಸ್‌ಕೋಡ್ ಇಡಬಹುದು. ಇಷ್ಟು ಮಾಡಿದ ಮೇಲೆ ಕಾವಲು ಕೂರೋದು ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಹಾರುಹಕ್ಕಿ:
ಇಷ್ಟೆಲ್ಲ ಸರ್ಕಸ್ ಯಾಕೆ? ಕೊಡದೇ ಇದ್ದರಾಯ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಒಂದು ವರ್ಷದ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು.

ಟೀಚರಮ್ಮ:
ಹಾರುಹಕ್ಕಿಯವರೇ, ಮನೆಯಲ್ಲಿ ಒಬ್ಬರೇ ಮಗು ನೋಡಿಕೊಳ್ಳುತ್ತಾ ದುಡಿಯುವವರಿಗೆ ‘ಕೊಡಬೇಡಿ’ ಎಂದು ಹೇಳಿ ಸುಮ್ಮನಾಗುವುದು ನ್ಯಾಯವಲ್ಲ. ಆದರೆ ಕೋಡ್ ಅಣ್ಣನ ಮಾತಿನ ಕೊನೆಯ ಸಾಲನ್ನೂ ನಾನು ಒಪ್ಪುವುದಿಲ್ಲ.

ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುವವಳು ನಾನು. ಭಯ ಹುಟ್ಟಿಸುವ ದೃಶ್ಯವೊಂದನ್ನು ಕಂಡ ಮಗು ಬಂದು ‘ಹೀಗಾಯಿತು’ ಎಂದು ವರದಿ ಒಪ್ಪಿಸುವುದಿಲ್ಲ. ರಾತ್ರಿ ದೀಪ ಆರಿಸಬೇಡ ಎನ್ನುತ್ತದೆ, ಬಚ್ಚಲಿಗೆ ಒಂಟಿಯಾಗಿ ಹೋಗುವುದಿಲ್ಲ ಎಂದು ಹಠ ಮಾಡುತ್ತದೆ. ಸ್ವಲ್ಪ ದೊಡ್ಡದಾದರೆ ಬೇಕೆಂದೇ ಮುಚ್ಚಿಡುತ್ತದೆ, ಏಕೆಂದರೆ ಹೇಳಿದರೆ ಮೊದಲು ಆಗುವುದು ಫೋನ್ ಕಿತ್ತುಕೊಳ್ಳುವುದು ಎಂದು ಅದಕ್ಕೆ ಗೊತ್ತಿರುತ್ತದೆ. ‘ಏನೇ ಕಂಡರೂ ನನಗೆ ಹೇಳು, ನಿನಗೆ ಬಯ್ಯುವುದಿಲ್ಲ, ಫೋನೂ ಕಿತ್ತುಕೊಳ್ಳುವುದಿಲ್ಲ’ ಎಂದು ಈಗಲೇ ಹೇಳಿ, ಹಾಗೆಯೇ ನಡೆದುಕೊಳ್ಳಿ. ಮುಂದೆ ಆನ್‌ಲೈನ್ ಆಟದಲ್ಲಿ ಅಪರಿಚಿತನೊಬ್ಬ ‘ಇದು ನಮ್ಮಿಬ್ಬರ ಗುಟ್ಟು’ ಎಂದಾಗ ಮಗುವನ್ನು ಕಾಯುವುದು ಈ ಅಭ್ಯಾಸವೇ. ಪಕ್ಕದಲ್ಲಿ ಕೂರುವುದೆಂದರೆ ಕಾವಲಲ್ಲ. ಆ ಕರಡಿ ಯಾಕೆ ಅಳುತ್ತಿದೆ ಎಂದು ಒಮ್ಮೆ ಕೇಳಿದರೂ ಮಾತು ಶುರುವಾಗುತ್ತದೆ.

ಕೋಡ್ ಅಣ್ಣ:
ಟೀಚರಮ್ಮ, ಮಾತಾಡಬೇಕು, ಒಪ್ಪುತ್ತೇನೆ. ಆದರೆ ನಾಲ್ಕು ವರ್ಷದ ಕೂಸಿನ ಮೇಲೆ ಆ ಹೊಣೆ ಹಾಕೋದು ಸರಿಯಾ? ಕಂಡ ಮೇಲೆ ಹೇಳಲಿ ಅನ್ನೋದಕ್ಕಿಂತ ಕಾಣದ ಹಾಗೆ ಮಾಡೋದು ದೊಡ್ಡವರ ಕೆಲಸ.

ಟೀಚರಮ್ಮ:
ಕಾಣದ ಹಾಗೆ ಮಾಡಲು ಪೂರ್ತಿ ಆಗುತ್ತದೆಯೇ? 2017ರಲ್ಲಿ ಏನಾಯಿತು ನೆನಪಿದೆಯಲ್ಲ. ಮಕ್ಕಳಿಗೆ ಪರಿಚಯವಿರುವ ಕಾರ್ಟೂನ್ ಪಾತ್ರಗಳನ್ನೇ ಬಳಸಿ ಹಿಂಸೆಯ, ಅಸಹ್ಯದ ವಿಡಿಯೊ ಮಾಡಿದ್ದರು. ಅವು ಮಕ್ಕಳ ಆ್ಯಪ್‌ನೊಳಗೂ ನುಸುಳಿದ್ದವು. ಮುಖಚಿತ್ರ ನೋಡಿದರೆ ದೊಡ್ಡವರಿಗೂ ಅನುಮಾನ ಬರುವಂತಿರಲಿಲ್ಲ.

ಕೋಡ್ ಅಣ್ಣ:
ಅದಕ್ಕೇ ನಾನು ‘ನೀವೇ ಆರಿಸಿದ್ದು ಮಾತ್ರ’ ಅಂದಿದ್ದು. ಅವು ನುಸುಳಿದ್ದು ಯಂತ್ರ ಜರಡಿ ಹಿಡಿದ ಪಟ್ಟಿಯೊಳಗೆ. ಆದರೂ ಒಂದು ಮಾತು ನಿಜ: ಇಡೀ ಚಾನೆಲ್ ಒಪ್ಪಿದರೆ ಅದರಲ್ಲಿ ನಾಳೆ ಬರುವ ವಿಡಿಯೊನೂ ಒಪ್ಪಿದ ಹಾಗೆ. ಬಿಡಿ ವಿಡಿಯೊ ಆರಿಸೋದೇ ಕ್ಷೇಮ. ಮೊದಲ ಕೆಲವು ದಿನ ಜೊತೆಗೆ ಕೂತು ನೋಡಿ ಅಂತ ನನ್ನ ಮಾತು ತಿದ್ದಿಕೊಳ್ಳುತ್ತೇನೆ.

ಮೌನಿ:
ಮಗು ಏನು ನೋಡುತ್ತೆ ಅಂತ ಎಲ್ಲರೂ ಮಾತಾಡ್ತಿದ್ದೀರಿ. ಮಗುವನ್ನು ಯಾರು ನೋಡ್ತಾರೆ? ಸ್ಕೂಲ್ ಯೂನಿಫಾರ್ಮ್ ಹಾಕಿದ ಫೋಟೊ, ಹುಟ್ಟುಹಬ್ಬದ ದಿನಾಂಕ, ಸ್ನಾನದ ವಿಡಿಯೊ, ಎಲ್ಲವನ್ನೂ ಹಾಕುವವರು ಅಪ್ಪ ಅಮ್ಮನೇ. ಮಗುವಿನ ಹೆಸರು, ಶಾಲೆ, ಹುಟ್ಟಿದ ದಿನ ಮೂರೂ ಅಪರಿಚಿತರ ಕೈಗೆ ಸಿಕ್ಕಂತೆ. ಆಟಿಕೆಗಳೂ ಅಷ್ಟೆ. 2017ರಲ್ಲಿ ಜರ್ಮನಿ ‘ಮೈ ಫ್ರೆಂಡ್ ಕೇಲಾ’ ಅನ್ನುವ ಮಾತಾಡುವ ಗೊಂಬೆಯನ್ನು ನಿಷೇಧಿಸಿತು. ಅದರ ಬ್ಲೂಟೂತ್‌ಗೆ ಭದ್ರತೆ ಇರಲಿಲ್ಲ, ಹತ್ತಿರದಲ್ಲಿದ್ದ ಯಾರು ಬೇಕಾದರೂ ಅದರ ಮೂಲಕ ಮಗುವಿನ ಮಾತು ಕೇಳಬಹುದಿತ್ತು. ಮೈಕ್, ಕ್ಯಾಮೆರಾ ಇರುವ ಆಟಿಕೆ ಕೊಳ್ಳುವ ಮುಂಚೆ ಯೋಚಿಸಿ.

ಹಾರುಹಕ್ಕಿ:
ಮೌನಿಯವರ ಮಾತಿಗೆ ನನ್ನ ಪೂರ್ತಿ ಬೆಂಬಲ. ನನ್ನ ಮೊದಲ ಮಾತು ಸ್ವಲ್ಪ ಒರಟಾಯಿತು ಅನ್ನಿಸಿದರೆ ಬೇಸರ ಬೇಡ ಪುಟ್ಟಿಯ ಅಮ್ಮ. ಆದರೂ ಊಟದ ಹೊತ್ತಲ್ಲಿ, ಮಲಗುವ ಮುಂಚೆ ಫೋನ್ ಬೇಡವೇ ಬೇಡ. ಅದರಲ್ಲಿ ನಾನು ರಾಜಿಯಾಗಲ್ಲ. ದೂರದಲ್ಲಿರುವ ಅಜ್ಜಿ ಜೊತೆ ವಿಡಿಯೊ ಕಾಲ್ ಮಾಡೋದು ಬೇರೆ ವಿಷಯ, ಅಲ್ಲಿ ಮಗು ಮಾತಾಡುತ್ತೆ.

ಪುಟ್ಟಿಯ ಅಮ್ಮ:
ಎಲ್ಲರಿಗೂ ಧನ್ಯವಾದ. ಸೆಟ್ಟಿಂಗ್ ಇವತ್ತೇ ಮಾಡ್ತೀನಿ, ಟೀಚರಮ್ಮ ಹೇಳಿದ ಮಾತನ್ನು ಮಗಳಿಗೂ ಹೇಳ್ತೀನಿ. ನಮ್ಮ ಫೋನ್ ಸರಿಯಾಯ್ತು ಅಂತಿಟ್ಕೊಳ್ಳಿ. ಮಾವನವರ ಫೋನಲ್ಲಿ ದೊಡ್ಡವರ ಯೂಟ್ಯೂಬೇ ಇದೆ. ಮೊಮ್ಮಗಳು ಕೇಳಿದ ತಕ್ಷಣ ಕೊಟ್ಟುಬಿಡ್ತಾರೆ. ಅವರಿಗೆ ಹೇಗೆ ಹೇಳೋದು?

ಕೋಡ್ ಅಣ್ಣ:
ಅವರ ಫೋನಲ್ಲೂ ನಿಮ್ಮ ಖಾತೆಯಿಂದ ಕಿಡ್ಸ್ ಆ್ಯಪ್ ಹಾಕಿಕೊಡಿ, ಪುಟ್ಟಿಗೆ ಇದನ್ನೇ ತೆರೆದುಕೊಡಿ ಅಂತ ಕೇಳಿಕೊಳ್ಳಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ನಿಂಗ್ ಹುಡುಕಿ, ಐಫೋನ್ ಆದರೆ ಗೈಡೆಡ್ ಆಕ್ಸೆಸ್. ಆನ್ ಮಾಡಿದರೆ ಮಗು ಆ ಒಂದು ಆ್ಯಪ್ ಬಿಟ್ಟು ಹೊರಗೆ ಹೋಗಲ್ಲ. ಹೊರಬರೋಕೆ ಪಿನ್ ಕೇಳುವ ಹಾಗೂ ಇಡಿ. ಆ ಪಿನ್ ಮಾತ್ರ ಮಗುವಿನ ಎದುರು ಒತ್ತಬೇಡಿ ಅಂತ ಮಾವನವರಿಗೆ ಹೇಳಿ. ಅಂಕಿ ಓದೋಕೆ ಬರದಿದ್ದರೂ ಬೆರಳು ಎಲ್ಲೆಲ್ಲಿ ಹೋಯ್ತು ಅಂತ ಮಕ್ಕಳು ನೋಡಿಟ್ಟುಕೊಳ್ತಾರೆ.

ಟೀಚರಮ್ಮ:
ಮಾವನವರಿಗೆ ಹೇಳುವಾಗ ಮಗಳ ಎದುರು ಬೇಡ. ಅಮ್ಮ ಬೇಡವೆಂದದ್ದು ಅಜ್ಜನ ಬಳಿ ಸಿಗುತ್ತದೆ ಎಂದು ಅವಳಿಗೆ ತಿಳಿದರೆ ಮತ್ತೆ ಗುಟ್ಟು ಶುರುವಾಗುತ್ತದೆ. ಅವರನ್ನೇ ಕೂರಿಸಿಕೊಂಡು ವಿಡಿಯೊ ಆರಿಸಿ. ತಾವೇ ಆರಿಸಿದ್ದನ್ನು ಮೊಮ್ಮಗಳ ಜೊತೆ ಅವರೂ ನೋಡುತ್ತಾರೆ.